1986ರ ಪೋರ್ಷೆ 944ರ ಇಸಿಯು ಚಿಪ್ ನಾವೇ ಓದಿ ಟ್ಯೂನ್ ಮಾಡ್ಬಹುದಾ? ಇ20 ಬಂದ್ಮೇಲೆ ಗಾಡಿ ಸರಿ ಇಲ್ಲ

ಬನಶಂಕರಿ_944

ಎಲ್ರಿಗೂ ನಮಸ್ಕಾರ. ಇಷ್ಟು ದಿನ ಬರೀ ಓದ್ಕೊಂಡು ಹೋಗ್ತಿದ್ದೆ, ಈಗ ಕೇಳ್ಲೇಬೇಕಾಗಿದೆ. ನಮ್ಮ ಚಿಕ್ಕಪ್ಪ ಕುವೈತ್‌ನಿಂದ ವಾಪಸ್ ಬರೋವಾಗ ತಂದ 944 ಈಗ ನನ್ನ ಹತ್ರ ಇದೆ, 1986 ಮಾಡೆಲ್, 2.5 ಲೀಟರ್ 8 ವಾಲ್ವ್, ಟರ್ಬೊ ಅಲ್ಲ. ಲೆಫ್ಟ್ ಹ್ಯಾಂಡ್ ಡ್ರೈವ್, ಟೋಲ್‌ನಲ್ಲಿ ಪಕ್ಕದ ಸೀಟಲ್ಲಿ ಯಾರೂ ಇಲ್ಲ ಅಂದ್ರೆ ಇಳ್ದು ಸುತ್ಹಾಕಿ ಹೋಗೋ ಸರ್ಕಸ್, ಅದು ಬಿಡಿ. ಗಲ್ಫ್ ಗಾಡಿ ಆದ್ರಿಂದ ಕ್ಯಾಟಲಿಟಿಕ್ ಕನ್ವರ್ಟರ್ ಇಲ್ಲ, ಎಕ್ಸಾಸ್ಟ್‌ನಲ್ಲಿ ಆಕ್ಸಿಜನ್ ಸೆನ್ಸರ್ರೂ ಇಲ್ಲ.

ಪ್ರಾಬ್ಲಂ ಏನಂದ್ರೆ ಬಂಕ್‌ಗಳಲ್ಲಿ ಇ20 (ಶೇಕಡಾ 20 ಎಥನಾಲ್ ಬೆರೆಸಿದ ಪೆಟ್ರೋಲ್) ಬಂದ್ಮೇಲೆ ಗಾಡಿ ಮುಂಚಿನ ಥರ ಇಲ್ಲ. ಸ್ಟಾರ್ಟಿಂಗ್ ಪರವಾಗಿಲ್ಲ, ಐಡಲ್ ಪರವಾಗಿಲ್ಲ, ಆದ್ರೆ ಕನಕಪುರ ರೋಡಲ್ಲಿ ಆರಾಮಾಗಿ ಮೂರು ಸಾವಿರ ಆರ್‌ಪಿಎಂ ಒಳಗೆ ಹೋಗ್ತಾ ಇದ್ರೆ ಹಿಡಿದು ಬಿಟ್ಟು ಹಿಡಿದು ಬಿಟ್ಟು ಎಳೆದಾಡುತ್ತೆ, ನಂದಿ ಬೆಟ್ಟದ ಘಾಟ್‌ನಲ್ಲಿ ಫುಲ್ ತುಳಿದ್ರೆ ಒಂದೊಂದು ಸಲ ಕಿಣಿ ಕಿಣಿ ಅನ್ನೋ ಸೌಂಡ್ ಬೇರೆ. ಒಂದು ಗ್ಯಾರೇಜ್‌ಗೆ ತಗೊಂಡೋದೆ, ನೋಡಿದ್ ತಕ್ಷಣ ಅವ್ರು ಸ್ಟೇಜ್ 1 ರೀಮ್ಯಾಪ್ ಮಾಡ್ಬೇಕು ಸಾರ್, 85 ಸಾವಿರ ಆಗುತ್ತೆ, ಒಬಿಡಿ ಪೋರ್ಟಿಗೆ (ಹೊಸ ಗಾಡಿಗಳಲ್ಲಿ ಚೆಕ್ ಮಾಡೋಕೆ ಇರೋ ಸಾಕೆಟ್) ಲ್ಯಾಪ್‌ಟಾಪ್ ಹಾಕಿ ಅರ್ಧ ದಿನದಲ್ಲಿ ಕೊಡ್ತೀವಿ ಅಂದ್ರು. ಈ ಗಾಡೀಲಿ ಒಬಿಡಿ ಪೋರ್ಟೇ ಇಲ್ವಲ್ಲ ಅಂದಿದ್ದಕ್ಕೆ ಹುಡ್ಕಿದ್ರೆ ಸಿಗುತ್ತೆ ಬಿಡಿ ಅಂದ್ರು. ಅಲ್ಲಿಂದ ಗಾಡಿ ಸ್ಟಾರ್ಟ್ ಮಾಡ್ಕೊಂಡು ಸೀದಾ ಮನೆಗೆ ಬಂದೆ.

ನನ್ನ ಕೆಲಸ ಎಲೆಕ್ಟ್ರಾನಿಕ್ಸ್ ಸಿಟೀಲಿ ಎಂಬೆಡೆಡ್ ಸಾಫ್ಟ್‌ವೇರ್, ಹಾಗಾಗಿ ಹೆಕ್ಸ್ ಫೈಲ್ ನೋಡಿದ್ರೆ ಭಯ ಇಲ್ಲ, ಆದ್ರೆ ಇಂಜಿನ್ ಟ್ಯೂನಿಂಗ್ ಬಗ್ಗೆ ಅಷ್ಟಾಗಿ ಗೊತ್ತಿಲ್ಲ. ಇಸಿಯು, ಅಂದ್ರೆ ಇಂಜಿನ್ ಕಂಟ್ರೋಲ್ ಮಾಡೋ ಕಂಪ್ಯೂಟರ್ ಡಬ್ಬ, ಬಿಚ್ಚಿ ಚಿಪ್ ತೆಗೆದು ಓದಿ, ಒಳಗೆ ಫ್ಯುಯೆಲ್ ಮ್ಯಾಪ್ ಇಗ್ನಿಷನ್ ಮ್ಯಾಪ್ (ಎಷ್ಟು ಪೆಟ್ರೋಲ್, ಯಾವಾಗ ಸ್ಪಾರ್ಕ್ ಅನ್ನೋ ಟೇಬಲ್‌ಗಳು) ಎಲ್ಲಿದೆ ಅಂತ ಕಂಡ್‌ಹಿಡ್ದು, ಇ20ಗೆ ತಕ್ಕ ಹಾಗೆ ನಾವೇ ಬದಲಾಯಿಸೋಕಾಗುತ್ತಾ? ಚಿಪ್ ಸುಟ್ಟೋದ್ರೆ ಇನ್ನೊಂದು ಇಸಿಯು ಇಂಡಿಯಾದಲ್ಲಿ ಸಿಗಲ್ಲ, ಅದೇ ತಲೆನೋವು. ಮಾಡಿರೋರು ಯಾರಾದ್ರೂ ಇದ್ರೆ ಹೇಳಿ.

---

ಸೋಲ್ಡರ್_ಸಿದ್ದ

ಗುರೂ ಮೊದ್ಲು ಖುಷಿ ವಿಷ್ಯ, ನಿಮ್ ಇಸಿಯು ಈಗಿನ ಕಾರ್‌ಗಳಿಗಿಂತ ಎಷ್ಟೋ ಸುಲಭ. ಅದು ಬಾಶ್ ಮೋಟ್ರೋನಿಕ್, ಪೋರ್ಷೆಯವರು ಡಿಎಂಇ ಅಂತ ಕರೀತಾರೆ, 35 ಪಿನ್ ಕನೆಕ್ಟರ್ ಇರೋ ಅಲ್ಯೂಮಿನಿಯಂ ಡಬ್ಬ. ಪಾಸ್‌ವರ್ಡ್ ಇಲ್ಲ, ಎನ್‌ಕ್ರಿಪ್ಷನ್ ಇಲ್ಲ, ಇಂಥ ಟೂಲೇ ಬೇಕು ಅಂತಿಲ್ಲ. ಬ್ಯಾಟರಿ ನೆಗೆಟಿವ್ ತೆಗೆದು, ಡಬ್ಬ ಹೊರಗೆ ತಂದು ಮುಚ್ಚಳ ಬಿಚ್ಚಿದ್ರೆ ಬೋರ್ಡ್ ಮೇಲೆ ಸ್ಟಿಕರ್ ಹಚ್ಚಿರೋ ಒಂದು ಚಿಪ್ ಕಾಣುತ್ತೆ, ಅದೇ ಈಪ್ರಾಮ್, ಪ್ರೋಗ್ರಾಂ ಮತ್ತು ಮ್ಯಾಪ್ ಇರೋ ಮೆಮೊರಿ. 1986 ಅಂದ್ರೆ ಬಹುಶಃ 24 ಪಿನ್ನಿಂದು ಇರುತ್ತೆ, 2732, ಒಟ್ಟು 4 ಕೆಬಿ. ಹೌದು ಬರೀ 4 ಕೆಬಿ, ನೀವೀಗ ಬರೆದ ಪೋಸ್ಟೇ ಅದಕ್ಕಿಂತ ದೊಡ್ಡದಿರುತ್ತೆ. ಆಮೇಲಿನ ಡಿಎಂಇಗಳಲ್ಲಿ 28 ಪಿನ್ ಚಿಪ್ ಬಂತು, ಪಿನ್ ಎಣಿಸಿ ನೋಡ್ಕೊಳ್ಳಿ.

ಸ್ಟಿಕರ್ ಕೀಳ್ಬೇಡಿ. ಅದ್ರಡಿ ಗಾಜಿನ ಕಿಟಕಿ ಇದೆ, ಅಲ್ಟ್ರಾವಯಲೆಟ್ ಬೆಳಕು ಬಿದ್ರೆ ಅಳಿಸಿ ಹೋಗೋ ಜಾತಿ ಅದು. ಒಂದ್ನಿಮಿಷ ಟ್ಯೂಬ್‌ಲೈಟ್ ಬಿದ್ರೆ ಏನೂ ಆಗಲ್ಲ ಬಿಡಿ, ಆದ್ರೆ ನೇರ ಬಿಸಿಲಲ್ಲಿ ಒಂದು ವಾರ ಇಟ್ರೆ ಖಾಲಿ. ಸಾಕೆಟ್‌ನಿಂದ ತೆಗೆಯೋವಾಗ ಒಂದೇ ಕಡೆಯಿಂದ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸ್ಬೇಡಿ, ಎರಡೂ ತುದೀಲಿ ಸ್ವಲ್ಪ ಸ್ವಲ್ಪ ಎತ್ತುತಾ ಬನ್ನಿ, ಸುಮಾರು 40 ವರ್ಷದ ಕಾಲುಗಳು ಪಟ್ ಅಂತ ಮುರೀತವೆ. ಚಿಪ್‌ನ ಯಾವ ತುದೀಲಿ ಕಚ್ಚು (ನಾಚ್) ಇದೆ ಅಂತ ಫೋಟೋ ತಗೊಂಡಿರಿ.

ಓದೋಕೆ ಟಿಎಲ್866II ಪ್ಲಸ್ ಥರದ ಯುಎಸ್‌ಬಿ ಪ್ರೋಗ್ರಾಮರ್ ಸಾಕು. ಓದೋದೇನೋ ಓದುತ್ತೆ, ಆದ್ರೆ 2732ಗೆ ಬರಿಯೋಕೆ ಅದ್ರ ಕೈಲಾಗಲ್ಲ, ಯಾಕಂದ್ರೆ ಆ ಕಾಲದ ಚಿಪ್‌ಗೆ 25 ವೋಲ್ಟ್, ಎ ವರ್ಷನ್‌ಗೆ 21 ವೋಲ್ಟ್ ಬೇಕು, ಈ ಪ್ರೋಗ್ರಾಮರ್ ಅಷ್ಟು ಕೊಡಲ್ಲ. ಅದು ಒಳ್ಳೇದೇ ಆಯ್ತು, ಒರಿಜಿನಲ್ ಮೇಲೆ ಬರಿಯೋ ಯೋಚನೇನೇ ಬೇಡ. ಎರಡ್ಮೂರು ಸಲ ಓದಿ, ಪ್ರತಿ ಫೈಲ್‌ನ ಚೆಕ್‌ಸಮ್ ಒಂದೇ ಬರುತ್ತಾ ನೋಡಿ, ಫೈಲ್‌ನ ನಾಲ್ಕು ಕಡೆ ಇಟ್ಟು ಒರಿಜಿನಲ್ ಚಿಪ್‌ನ ಆಂಟಿಸ್ಟಾಟಿಕ್ ಫೋಮ್‌ಗೆ ಚುಚ್ಚಿ ಬೀರುವಲ್ಲಿ ಇಡಿ.

ಬದಲಿಗೆ ವಿನ್‌ಬಾಂಡ್‌ನ ಡಬ್ಲ್ಯು27ಸಿ512 ತಗೊಳ್ಳಿ, ಕರೆಂಟಲ್ಲೇ ಅಳಿಸ್ಬಹುದು, ಯುವಿ ಲ್ಯಾಂಪ್ ಬೇಡ. ಅದು 28 ಪಿನ್, 64 ಕೆಬಿ, ಹಾಗಾಗಿ 24 ಪಿನ್ ಸಾಕೆಟ್‌ಗೆ ಕೂರೋ ಹಾಗೆ ಚಿಕ್ಕ ಅಡಾಪ್ಟರ್ ಬೋರ್ಡ್ ಬೇಕು, ಮೇಲಿನ ಅಡ್ರೆಸ್ ಲೈನ್‌ಗಳನ್ನ ಗಾಳೀಲಿ ಬಿಡದೆ ಗ್ರೌಂಡ್‌ಗೋ 5 ವೋಲ್ಟ್‌ಗೋ ಕಟ್ಬೇಕು. ಯಾವುದಕ್ಕೆ ಕಟ್ಟಿದೀವಿ ಅಂತ ತಲೆ ಕೆಡಿಸ್ಕೊಳ್ಳೋದು ಬೇಡ ಅಂದ್ರೆ ಅದೇ 4 ಕೆಬಿ ಫೈಲ್‌ನ 16 ಸಲ ಒಂದರ ಹಿಂದೆ ಒಂದು ಜೋಡಿಸಿ ಬರ್ನ್ ಮಾಡಿ, ಎಲ್ಲಿಂದ ಓದಿದ್ರೂ ಅದೇ ಸಿಗುತ್ತೆ. ಒಂದು ಅಡ್ರೆಸ್ ಲೈನ್‌ಗೆ ಸ್ವಿಚ್ ಹಾಕಿದ್ರೆ ಇ20ಗೊಂದು ಮ್ಯಾಪ್, 100 ಆಕ್ಟೇನ್‌ಗೊಂದು ಮ್ಯಾಪ್ ಅಂತ ಎರಡು ಇಟ್ಕೋಬಹುದು, ಆದ್ರೆ ಇಂಜಿನ್ ಆಫ್ ಇದ್ದಾಗ ಮಾತ್ರ ಸ್ವಿಚ್ ಮುಟ್ಟಿ.

ಎಸ್.ಪಿ. ರೋಡಲ್ಲಿ ಚಿಪ್ ಸಿಗುತ್ತೆ, ಆದ್ರೆ ಹಳೇ ಬೋರ್ಡಿಂದ ಬಿಚ್ಚಿದ್ದು, ಮೇಲಿನ ಪ್ರಿಂಟ್ ಉಜ್ಜಿ ಬೇರೆ ನಂಬರ್ ಹಾಕಿದ್ದು ಎಲ್ಲಾ ಮಿಕ್ಸ್ ಇರ್ತವೆ. ನಾಲ್ಕೈದು ತಗೊಂಡು ಪ್ರತಿಯೊಂದನ್ನೂ ಅಳಿಸಿ, ಬರೆದು, ವೆರಿಫೈ ಮಾಡಿ, ಪಾಸ್ ಆಗಿದ್ದನ್ನ ಮಾತ್ರ ಗಾಡಿಗೆ ಹಾಕಿ.

---

ಹೆಕ್ಸ್_ಹನುಮಂತನಗರ

ಸಿದ್ದಣ್ಣ ಹಾರ್ಡ್‌ವೇರ್ ಎಲ್ಲಾ ಹೇಳಿಬಿಟ್ರು, ನಾನು ಒಳಗಿನ ಕೋಡ್ ಬಗ್ಗೆ ಹೇಳ್ತೀನಿ, ನೀವು ಎಂಬೆಡೆಡ್ ಅಂದ್ರಲ್ಲ, ನಿಮಗೆ ಮಜಾ ಬರುತ್ತೆ.

ಪ್ರೋಸೆಸರ್ 8051 ಕುಟುಂಬದ್ದು. ಕಾಲೇಜ್ ಲ್ಯಾಬಲ್ಲಿ ಎಲ್‌ಇಡಿ ಮಿಣುಕಿಸಿದ್ವಲ್ಲ ಅದೇ, ಇಲ್ಲಿ ಪೋರ್ಷೆ ಇಂಜಿನ್ ಓಡಿಸ್ತಿದೆ. 8051 ಒಳಗೇನೇ 4 ಕೆಬಿ ಮಾಸ್ಕ್ ರೋಮ್ (ಫ್ಯಾಕ್ಟರೀಲೇ ಬರೆದಿಟ್ಟ ಮೆಮೊರಿ) ಇರುತ್ತೆ ಅನ್ನೋದು ನೆನಪಿದ್ಯಾ? ಇಲ್ಲಿ ಅದು ಮುಖ್ಯ. ಚಿಪ್‌ನ 31ನೇ ಪಿನ್ ಇಎ, ಅದು ಮೇಲೆ (5 ವೋಲ್ಟ್‌ಗೆ) ಕಟ್ಟಿದ್ರೆ ಸಿಪಿಯು ಮೊದಲ 4 ಕೆಬಿನ ತನ್ನ ಹೊಟ್ಟೆಯಿಂದಲೇ ಓದುತ್ತೆ, 1000 ಹೆಕ್ಸ್‌ನಿಂದ ಆಚೆಗೆ ಮಾತ್ರ ಹೊರಗಿನ ಈಪ್ರಾಮ್. ಕೆಳಗೆ (ಗ್ರೌಂಡ್‌ಗೆ) ಕಟ್ಟಿದ್ರೆ ಸೊನ್ನೆಯಿಂದಲೇ ಹೊರಗಿನದು. ಮಲ್ಟಿಮೀಟರ್ ಇಟ್ಟು ಇಎ ಎಲ್ಲಿಗೆ ಹೋಗಿದೆ ಅಂತ ನೋಡದೆ ಫೈಲ್‌ನ ಡಿಸ್‌ಅಸೆಂಬ್ಲರ್‌ಗೆ ಹಾಕಿದ್ರೆ ಅಡ್ರೆಸ್ ಎಲ್ಲಾ ತಪ್ಪಿ, ಒಂದು ಜಂಪ್‌ಗೂ ತಲೆಬುಡ ಇರಲ್ಲ. ಇನ್ನೊಂದು ಗುರುತು, ಫೈಲ್‌ನ ಮೊದಲ ಬೈಟ್ 02 ಇದ್ರೆ ಅದು ಎಲ್‌ಜಂಪ್, ಅಂದ್ರೆ ರೀಸೆಟ್ ಅಲ್ಲಿಂದಲೇ ಶುರು ಆಗ್ತಿರೋ ಸಾಧ್ಯತೆ ಜಾಸ್ತಿ. ಹಾಗಿಲ್ಲ, ಇಎನೂ ಮೇಲಿದೆ ಅಂದ್ರೆ ಗಿಡ್ರಾದಲ್ಲಿ ಬೇಸ್ ಅಡ್ರೆಸ್ 1000 ಹೆಕ್ಸ್ ಕೊಟ್ಟು ತೆರೀರಿ. ಗಿಡ್ರಾ ಗೊತ್ತಲ್ಲ, ಅಮೆರಿಕದ ಎನ್‌ಎಸ್‌ಎ 2019ರಲ್ಲಿ ಹೊರಗೆ ಬಿಟ್ಟ ಫ್ರೀ ಟೂಲ್, 8051 ಅದಕ್ಕೆ ಬರುತ್ತೆ.

ಒಳಗಿನ ಮಾಸ್ಕ್ ರೋಮ್ ಬೇಕು ಅಂದ್ರೂ ದಾರಿ ಇದೆ. ಆ ಕಾಲದ ಮಾಮೂಲಿ 8051ಗೆ ಲಾಕ್ ಬಿಟ್ ಇರ್ಲಿಲ್ಲ, ಹೊರಗಿನ ಈಪ್ರಾಮ್‌ನಲ್ಲಿ ಓಡೋ ಕೋಡ್ ಮೂವ್‌ಸಿ ಅನ್ನೋ ಇನ್‌ಸ್ಟ್ರಕ್ಷನ್ ಹಾಕಿ ಒಳಗಿನ ರೋಮ್ ಓದಬಹುದು. ನೀವು ಬರೆದ ನಾಲ್ಕು ಸಾಲು ಕೋಡ್‌ನ ಈಪ್ರಾಮ್‌ಗೆ ಸೇರಿಸಿ, ಒಳಗಿನ ಕೋಡ್ ಯಾವ ಅಡ್ರೆಸ್‌ಗೆ ಜಂಪ್ ಮಾಡುತ್ತೋ ಅಲ್ಲಿ ಕಾದು ಕೂತ್ರೆ ಒಂದೊಂದೇ ಬೈಟ್ ಪಿನ್ ಮೇಲೆ ಆಚೆ ಬರುತ್ತೆ, ಲಾಜಿಕ್ ಅನಲೈಜರ್‌ನಲ್ಲಿ ಹಿಡ್ಕೊಳ್ಳೋದು. ಬೆಂಚ್ ಮೇಲೆ ಮಾಡೋ ಕೆಲ್ಸ ಇದು, ಗಾಡೀಲಿ ಕೂರ್ಸಿ ಅಲ್ಲ.

ಆದ್ರೆ ಮ್ಯಾಪ್ ಹುಡ್ಕೋಕೆ ಇಷ್ಟೆಲ್ಲಾ ಬೇಕಾಗಲ್ಲ. ಹೆಕ್ಸ್‌ನಲ್ಲಿ 90 ಅನ್ನೋ ಬೈಟ್ ಡಿಪಿಟಿಆರ್ (ಅಡ್ರೆಸ್ ಇಡೋ ರಿಜಿಸ್ಟರ್) ಲೋಡ್ ಮಾಡೋ ಇನ್‌ಸ್ಟ್ರಕ್ಷನ್, ಅದಾದ್ಮೇಲೆ ಬರೋ ಎರಡು ಬೈಟೇ ಟೇಬಲ್ ಅಡ್ರೆಸ್, ಹತ್ರದಲ್ಲೇ 93 ಇದ್ರೆ ಅಲ್ಲಿಂದ ಓದ್ತಿದೆ ಅಂತ ಅರ್ಥ. ಟೇಬಲ್ ಅಂತೂ ಬಾಶ್‌ನವ್ರ ಶೈಲೀಲಿ ಇರುತ್ತೆ. ಹಳೇ ಮೋಟ್ರೋನಿಕ್‌ಗಳಲ್ಲಿ ಸಾಮಾನ್ಯವಾಗಿ ಮೊದಲ ಬೈಟ್ ಯಾವ ವೇರಿಯಬಲ್ ಅಂತ ಹೇಳುತ್ತೆ, ಆರ್‌ಪಿಎಂ ಅಥವಾ ಲೋಡ್ ಅಥವಾ ಟೆಂಪರೇಚರ್, ಎರಡನೇ ಬೈಟ್ ಎಷ್ಟು ಪಾಯಿಂಟ್, ಆಮೇಲೆ ಆಕ್ಸಿಸ್, ಆಮೇಲೆ ಡೇಟಾ. ಆಕ್ಸಿಸ್ ನೇರವಾಗಿ ಬರೆದಿರಲ್ಲ, ಎರಡು ಪಾಯಿಂಟ್ ಮಧ್ಯದ ವ್ಯತ್ಯಾಸ ಬರೆದಿರ್ತಾರೆ, ಕೊನೇ ಬೈಟ್‌ನ 256ರಿಂದ ಕಳೆದು ಅಲ್ಲಿಂದ ಹಿಂದಕ್ಕೆ ಕಳೀತಾ ಬರ್ಬೇಕು. ಉದಾಹರಣೆಗೆ ಆರ್‌ಪಿಎಂ ಆಕ್ಸಿಸ್‌ನ ಕೊನೇ ಬೈಟ್ 93, ಹೆಕ್ಸ್ ಅಲ್ಲ ಮಾಮೂಲಿ ತೊಂಬತ್ಮೂರು, ಅಂತಿಟ್ಕೊಳ್ಳಿ, 256ರಲ್ಲಿ 93 ಹೋದ್ರೆ 163. ಇವುಗಳಲ್ಲಿ ಒಂದು ಕೌಂಟ್ ಅಂದ್ರೆ 40 ಆರ್‌ಪಿಎಂ, 163 ಇಂಟು 40 ಅಂದ್ರೆ 6520. ಅದ್ರ ಹಿಂದಿನ ಬೈಟ್ 13 ಇದ್ರೆ 163ರಲ್ಲಿ 13 ಹೋಗಿ 150, ಅಂದ್ರೆ 6000. ರೆಡ್‌ಲೈನ್ ಪಕ್ಕಕ್ಕೆ ಬಂದು ನಿಲ್ತು ಅಂದ್ರೆ ನೀವು ಸರಿಯಾದ ಜಾಗದಲ್ಲಿದೀರ. ನೆಟ್‌ನಲ್ಲಿ ಯಾರೋ ಮಾಡಿಟ್ಟ ಡೆಫಿನಿಷನ್ ಫೈಲ್ ಸಿಕ್ಕಿದ್ರೂ ಈ ಲೆಕ್ಕ ಒಂದ್ಸಲ ಕೈಯಲ್ಲಿ ಮಾಡಿ, ಇಲ್ಲಾಂದ್ರೆ ಬೇರೆ ವರ್ಷದ ಚಿಪ್‌ನ ಅಡ್ರೆಸ್ ಹಿಡ್ಕೊಂಡು ನಿಮ್ ಕೋಡ್‌ನ ಮಧ್ಯಕ್ಕೇ ಕೈ ಹಾಕ್ತೀರ.

---

ಟರ್ಬೊ_ತಾವರೆಕೆರೆ

ಇಷ್ಟೆಲ್ಲಾ ಯಾಕ್ ಮಗಾ, ಆ ಡಬ್ಬ ಎತ್ತಿಟ್ಟು ಸ್ಪೀಡುಯಿನೊ ಇಲ್ಲಾ ಮೆಗಾಸ್ಕ್ವರ್ಟ್ ಥರದ ಹೊಸ ಇಸಿಯು ಹಾಕು, ಲ್ಯಾಪ್‌ಟಾಪಲ್ಲಿ ಕಲರ್ ಕಲರ್ ಮ್ಯಾಪ್, ಓಡ್ತಿರೋವಾಗ್ಲೇ ಚೇಂಜ್ ಮಾಡ್ಬಹುದು.

---

ಹೆಕ್ಸ್_ಹನುಮಂತನಗರ

ಹಾಕ್ಬಹುದು ಬಾಸ್, ಆದ್ರೆ ಕೋಲ್ಡ್ ಸ್ಟಾರ್ಟ್, ವಾರ್ಮಪ್, ಐಡಲ್ ಎಲ್ಲಾ ಸೊನ್ನೆಯಿಂದ ಟ್ಯೂನ್ ಮಾಡ್ಬೇಕು. ಸ್ಟಟ್‌ಗಾರ್ಟ್‌ನವ್ರು ಚಳೀಲಿ ಬಿಸಿಲಲ್ಲಿ ಓಡಿಸಿ ಮಾಡಿರೋ ಕೆಲಸ ಆ 4 ಕೆಬಿ ಒಳಗಿದೆ, ಅದನ್ನ ಎಸೆದು ಡಿಸೆಂಬರ್ ಬೆಳಿಗ್ಗೆ ಸ್ಟಾರ್ಟ್ ಆಗ್ತಿಲ್ಲ ಅಂತ ಇಲ್ಲೇ ಬಂದು ಕೇಳ್ತೀರ. ಟರ್ಬೊ ಹಾಕೋದಾದ್ರೆ ಬೇರೆ ಮಾತು.

---

ಆಡುಗೋಡಿ_ರಿಟೈರ್ಡ್

ನೋಡಪ್ಪ, ನಾನು ಮೈಕೋದಲ್ಲಿ ಇದ್ದೋನು, ಈಗ ಬಾಶ್ ಅಂತಾರಲ್ಲ ಅದೇ ಆಡುಗೋಡಿ ಫ್ಯಾಕ್ಟರಿ. ಡೀಸೆಲ್ ಪಂಪ್ ಕಡೆ ಕೆಲಸ, ಪೆಟ್ರೋಲ್ ಇಂಜೆಕ್ಷನ್ ಆಮೇಲೆ ಹವ್ಯಾಸಕ್ಕೆ ಕಲ್ತಿದ್ದು. ಇಲ್ಲಿ ಹುಡುಗರು ಹೇಳಿದ್ದೆಲ್ಲಾ ಸರಿಯಾಗೇ ಇದೆ, ಆದ್ರೆ ಚಿಪ್ ಬದಲಾಯಿಸೋಕೆ ಮುಂಚೆ ಆ ಚಿಪ್‌ಗೆ ಬರ್ತಿರೋ ಸಿಗ್ನಲ್ ನಿಜಾನಾ ಸುಳ್ಳಾ ನೋಡ್ಬೇಕಲ್ವಾ. ಏರ್ ಫ್ಲೋ ಮೀಟರ್ ಸುಳ್ಳು ಹೇಳ್ತಿದ್ರೆ ನೀವು ಮ್ಯಾಪ್‌ಗೆ ಏನು ಬರೆದ್ರೂ ಅದು ಆ ಸುಳ್ಳಿನ ಮೇಲೇ ಕೂರುತ್ತೆ.

ಈ ಗಾಡೀಲಿ ಗಾಳಿ ಅಳೆಯೋದು ಫ್ಲಾಪ್ ಟೈಪ್ ಮೀಟರ್. ಗಾಳಿ ಫ್ಲಾಪ್ ತಳ್ಳುತ್ತೆ, ಸ್ಪ್ರಿಂಗ್ ತಡೆಯುತ್ತೆ, ಒಳಗಿನ ಕಾರ್ಬನ್ ಟ್ರ್ಯಾಕ್ ಮೇಲೆ ಕಡ್ಡಿ ಓಡಾಡಿ ವೋಲ್ಟೇಜ್ ಕೊಡುತ್ತೆ. ಮನುಷ್ಯ ದಿನಾ ಒಂದೇ ಸ್ಪೀಡಲ್ಲಿ ಗಾಡಿ ಓಡಿಸಿದ್ರೆ ಟ್ರ್ಯಾಕ್ ಆ ಜಾಗದಲ್ಲೇ ಸವೆಯುತ್ತೆ, ನೀವು ಹೇಳೋ ಮೂರು ಸಾವಿರದೊಳಗಿನ ಎಳೆದಾಟಕ್ಕೆ ಅದೇ ಕಾರಣ ಇರ್ಬಹುದು. ಅನಲಾಗ್ ಮೀಟರ್ ಇಟ್ಟು ಫ್ಲಾಪ್‌ನ ಬೆರಳಲ್ಲಿ ನಿಧಾನಕ್ಕೆ ತಳ್ಳಿ, ಮುಳ್ಳು ಎಲ್ಲಾದ್ರೂ ಜಿಗಿದ್ರೆ ಸಿಕ್ತು. ಆಮೇಲೆ ಮೀಟರ್‌ಗೂ ಥ್ರಾಟಲ್‌ಗೂ ಮಧ್ಯ ಇರೋ ದಪ್ಪ ರಬ್ಬರ್ ಬೂಟ್, ಮಡಿಕೆಗಳ ಒಳಗೆ ಬಿರುಕು ಬಿಟ್ಟಿರುತ್ತೆ, ಮೇಲಿಂದ ಚೆನ್ನಾಗೇ ಕಾಣುತ್ತೆ, ಬಿಚ್ಚಿ ಬಗ್ಗಿಸಿ ನೋಡ್ಬೇಕು. ಅಲ್ಲಿಂದ ನುಗ್ಗೋ ಗಾಳಿ ಮೀಟರ್ ಲೆಕ್ಕಕ್ಕೆ ಬರಲ್ಲ, ಗಾಡಿ ಲೀನ್, ಅಂದ್ರೆ ಗಾಳಿಗೆ ತಕ್ಕಷ್ಟು ಪೆಟ್ರೋಲ್ ಇಲ್ಲದೆ, ಓಡುತ್ತೆ. ಇದ್ರ ಜೊತೆ ಫ್ಯುಯೆಲ್ ಹೋಸ್‌ಗಳನ್ನೂ ಬದಲಾಯಿಸಿ, 1986ರ ರಬ್ಬರ್‌ಗೆ ಎಥನಾಲ್ ಗೊತ್ತಿಲ್ಲ, 944ರಲ್ಲಿ ಇಂಜಿನ್ ಮೇಲಿನ ಫ್ಯುಯೆಲ್ ಲೈನ್ ಸೋರಿ ಬೆಂಕಿ ಹತ್ತಿರೋದು ಪ್ರಪಂಚಕ್ಕೇ ಗೊತ್ತಿರೋ ಕತೆ. ಡಿಎಂಇ ರಿಲೇ ಒಳಗೆ ಸೋಲ್ಡರ್ ಬಿರುಕು ಬಿಡೋದೂ ಅಷ್ಟೇ ಮಾಮೂಲಿ. ಟೈಮಿಂಗ್ ಬೆಲ್ಟ್ ಯಾವಾಗ ಹಾಕಿದ್ದು ಅಂತ ಗೊತ್ತಿಲ್ಲ ಅಂದ್ರೆ ಟ್ಯೂನಿಂಗ್ ದುಡ್ಡೆಲ್ಲಾ ಅದಕ್ಕೇ ಹಾಕಿ, ಬೆಲ್ಟ್ ಕಿತ್ರೆ ವಾಲ್ವ್ ಪಿಸ್ಟನ್‌ಗೆ ಬಡಿಯೋ ಇಂಜಿನ್ ಇದು.

ಈಗ ಇ20 ಲೆಕ್ಕ ಹೇಳ್ತೀನಿ, ಸ್ವಲ್ಪ ಸಮಾಧಾನವಾಗಿ ಓದಿ. ಶುದ್ಧ ಪೆಟ್ರೋಲ್‌ಗೆ ಒಂದು ಕೆಜಿಗೆ 14.7 ಕೆಜಿ ಗಾಳಿ ಬೇಕು, ಇ20ಗೆ ಸುಮಾರು 13.5 ಸಾಕು. ಅಂದ್ರೆ ಅದೇ ಗಾಳಿಗೆ ಹೆಚ್ಚುಕಮ್ಮಿ ಶೇಕಡಾ 8ರಷ್ಟು ಜಾಸ್ತಿ ಪೆಟ್ರೋಲ್ ಹೋಗ್ಬೇಕು. ನಿಮ್ಮ ಗಾಡೀಲಿ ಆಕ್ಸಿಜನ್ ಸೆನ್ಸರ್ ಇಲ್ಲ, ಲೀನ್ ಆಗಿದೆ ಅಂತ ಇಸಿಯುಗೆ ಹೇಳೋರು ಯಾರೂ ಇಲ್ಲ, 1986ರಲ್ಲಿ ಹೇಳಿಕೊಟ್ಟಷ್ಟೇ ಇಂಜೆಕ್ಟ್ ಮಾಡ್ತಾ ಇರುತ್ತೆ. ಆದ್ರೆ ಇನ್ನೊಂದು ಕಡೆಯಿಂದ ನಮ್ಮೂರು ನಿಮ್ಮನ್ನ ಕಾಪಾಡ್ತಿದೆ. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರ್ ಮೇಲೆ, ಗಾಳಿ ಶೇಕಡಾ 8-9 ತೆಳು. ಫ್ಲಾಪ್ ಮೀಟರ್ ಗಾಳಿಯ ತೂಕ ಅಳೆಯಲ್ಲ, ತಳ್ಳೋ ಒತ್ತಡ ಅಳೆಯುತ್ತೆ, ತೆಳು ಗಾಳೀಲಿ ಅದು ಸಾಂದ್ರತೆಯ ವರ್ಗಮೂಲದಷ್ಟು ಮಾತ್ರ ಸರಿಹೋಗುತ್ತೆ, ಮಿಕ್ಕಿದ್ದು ತಪ್ಪು. ಅಂದ್ರೆ ಇಲ್ಲಿ ಅದು ನಿಜಕ್ಕಿಂತ ಶೇಕಡಾ 4-5 ಜಾಸ್ತಿ ಗಾಳಿ ಇದೆ ಅಂತ ತಿಳ್ಕೊಂಡು ಅಷ್ಟು ರಿಚ್ ಮಾಡುತ್ತೆ, ಅಂದ್ರೆ ಪೆಟ್ರೋಲ್ ಜಾಸ್ತಿ ಬಿಡುತ್ತೆ. ಎಂಟರಲ್ಲಿ ಐದು ಹೋದ್ರೆ ಮೂರು. ಗಾಡೀಲಿ ಬೇರೇನೂ ಕೆಟ್ಟಿಲ್ಲ ಅಂದ್ರೆ ಇ20ಯಿಂದ ನಿಮಗಾಗೋ ಲೀನ್ ಬರೀ ಮೂರು ನಾಲ್ಕು ಪರ್ಸೆಂಟ್. ವೈರಿಂಗ್ ಡಯಾಗ್ರಾಂ ನೋಡಿ, ಆಲ್ಟಿಟ್ಯೂಡ್ ಸೆನ್ಸರ್ ಇದ್ದು ಕೆಲಸ ಮಾಡ್ತಿದ್ರೆ ಈ ಲೆಕ್ಕ ಬದಲಾಗುತ್ತೆ, ಎಂಟು ಪೂರ್ತಿ ನಿಮ್ಮ ತಲೆ ಮೇಲೆ.

ಕೆಲವು ಮೆಕ್ಯಾನಿಕ್‌ಗಳು ಮೀಟರ್ ಮುಚ್ಚಳ ಬಿಚ್ಚಿ ಸ್ಪ್ರಿಂಗ್ ಹಲ್ಲು ತಿರುಗಿಸಿ ರಿಚ್ ಮಾಡ್ತಾರೆ, ಬೇಡ. ಲೋಡ್ ಸಿಗ್ನಲ್ಲೇ ಬದಲಾಗುತ್ತೆ, ಇಗ್ನಿಷನ್ ಮ್ಯಾಪೂ ಅದನ್ನೇ ನೋಡೋದು, ಫ್ಯುಯೆಲ್ ಸರಿ ಮಾಡೋಕೆ ಹೋಗಿ ಟೈಮಿಂಗ್ ಜಾಗ ಬಿಡುತ್ತೆ. ಅದಕ್ಕಿಂತ ಅಡ್ಜಸ್ಟಬಲ್ ಪ್ರೆಶರ್ ರೆಗ್ಯುಲೇಟರ್ ವಾಸಿ, ಇಂಜೆಕ್ಟರ್ ಫ್ಲೋ ಪ್ರೆಶರ್‌ನ ವರ್ಗಮೂಲದ ಲೆಕ್ಕ, ಮೂರು ಪರ್ಸೆಂಟ್ ಪೆಟ್ರೋಲ್ ಜಾಸ್ತಿ ಬೇಕಂದ್ರೆ ಪ್ರೆಶರ್ ಆರು ಪರ್ಸೆಂಟ್ ಏರಿಸಿ ಸಾಕು.

ಕಿಣಿ ಕಿಣಿ ಸೌಂಡ್, ಅಂದ್ರೆ ನಾಕ್, ಅದನ್ನ ಮಾತ್ರ ಹಗುರವಾಗಿ ತಗೋಬೇಡಿ. ನಿಮ್ಮದು 163 ಹಾರ್ಸ್‌ಪವರ್‌ನ ಯೂರೋಪ್ ಮಾದರಿ ಇಂಜಿನ್ ಆಗಿದ್ರೆ ಕಂಪ್ರೆಷನ್ 10.6, ಟರ್ಬೊ ಅಲ್ಲದ 8 ವಾಲ್ವ್‌ಗೆ ನಾಕ್ ಸೆನ್ಸರ್ ಇಲ್ಲ. ಸೌಂಡ್ ಕೇಳಿಸ್ಕೊಂಡು ಟೈಮಿಂಗ್ ಕಡಿಮೆ ಮಾಡೋದು ನಿಮ್ಮ ಕಿವಿ ಮತ್ತು ಕಾಲು, ಇಸಿಯು ಅಲ್ಲ. ಸದ್ಯಕ್ಕೆ ಘಾಟ್‌ನಲ್ಲಿ ಫುಲ್ ತುಳಿಬೇಡಿ.

---

ಬನಶಂಕರಿ_944

ಎಲ್ರಿಗೂ ಥ್ಯಾಂಕ್ಸ್, ಅದ್ರಲ್ಲೂ ಆಡುಗೋಡಿ ಸಾರ್‌ಗೆ. ಸ್ವಲ್ಪ ಲೇಟಾಗಿ ಅಪ್‌ಡೇಟ್ ಹಾಕ್ತಿದೀನಿ.

ರಬ್ಬರ್ ಬೂಟ್ ಬಿಚ್ಚಿದೆ ಸಾರ್. ಹೊರಗಿಂದ ನೋಡಿದ್ರೆ ಹೊಸದರ ಹಾಗೇ, ಎರಡೂ ಕೈಯಲ್ಲಿ ಹಿಡ್ದು ಬಗ್ಗಿಸಿದ್ರೆ ಮೂರನೇ ಮಡಿಕೆ ತಳದಲ್ಲಿ ಅರ್ಧ ಸುತ್ತು ಬಾಯಿ ಬಿಡ್ತು, ಒಳಗೆ ಬೆರಳಿನ ಉಗುರು ಹೋಗುತ್ತೆ. ಯಾರೋ ಹಿಂದೆ ಅದಕ್ಕೆ ಸೈಕಲ್ ಪಂಕ್ಚರ್ ಸೊಲ್ಯೂಷನ್ ಬಳಿದಿದ್ದ ಗುರುತು ಬೇರೆ! ಬೂಟ್ ತರಿಸಿ ಹಾಕ್ದೆ, ಹೋಸ್‌ಗಳೆಲ್ಲಾ ಜೆ.ಸಿ. ರೋಡಿಂದ ಎಥನಾಲ್ ತಡೆಯೋ ಕ್ವಾಲಿಟೀದು ಹಾಕ್ಸಿದೆ. ಮೀಟರ್ ಟ್ರ್ಯಾಕ್‌ನಲ್ಲಿ ಮುಳ್ಳು ಜಿಗಿಯಲ್ಲ, ಅದು ಚೆನ್ನಾಗಿದೆ. ಡಯಾಗ್ರಾಂ ಪ್ರಕಾರ ನನ್ನ ಗಾಡೀಲಿ ಆಲ್ಟಿಟ್ಯೂಡ್ ಸೆನ್ಸರ್ ಇಲ್ಲ.

ಎಕ್ಸಾಸ್ಟ್‌ಗೆ ಬಂಗ್ (ಸೆನ್ಸರ್ ಕೂರಿಸೋ ಥ್ರೆಡ್ ಇರೋ ಬಳೆ) ವೆಲ್ಡ್ ಮಾಡ್ಸಿ, ಅಳತೆ ನೋಡೋಕೆ ಎಲ್‌ಎಸ್‌ಯು 4.9 ವೈಡ್‌ಬ್ಯಾಂಡ್ ಆಕ್ಸಿಜನ್ ಸೆನ್ಸರ್ ಹಾಕಿದೀನಿ. ಬೂಟ್ ಹಾಕಿದ್ಮೇಲೆ ಎಳೆದಾಟ ಮುಕ್ಕಾಲು ಪಾಲು ಹೋಯ್ತು. ಈಗ ಆರಾಮಾಗಿ ಹೋಗೋವಾಗ ಲ್ಯಾಂಬ್ಡಾ (1 ಅಂದ್ರೆ ಗಾಳಿ-ಪೆಟ್ರೋಲ್ ಸರಿಯಾದ ಅಳತೆ, ಮೇಲಿದ್ರೆ ಲೀನ್, ಕೆಳಗಿದ್ರೆ ರಿಚ್) 1.03 ಆಸುಪಾಸು, ಫುಲ್ ಥ್ರಾಟಲ್‌ನಲ್ಲಿ 0.93. ಸೌಂಡ್ ಈಗ ಕೇಳ್ತಿಲ್ಲ, ಆದ್ರೆ ಬೇಕಂತ ತುಳಿದೂ ನೋಡಿಲ್ಲ.

ಚಿಪ್ಪೂ ಓದಿದೆ. 24 ಪಿನ್ನೇ, ಎಲ್ಲಾ ಸಲವೂ ಒಂದೇ ಚೆಕ್‌ಸಮ್. ಹೆಕ್ಸ್ ಅಣ್ಣ ಹೇಳಿದ ಹಾಗೆ ಆಕ್ಸಿಸ್ ಲೆಕ್ಕ ಹಾಕ್ತಾ ಹೋದೆ, ಒಂದು ಜಾಗದಲ್ಲಿ ಕೊನೇ ಪಾಯಿಂಟ್ ರೆಡ್‌ಲೈನ್ ಹತ್ರ ಬಂದು ನಿಂತಾಗ ರಾತ್ರಿ ಒಂದು ಗಂಟೇಲಿ ಕೂಗ್ಬಿಟ್ಟೆ, ಹೆಂಡತಿ ಎದ್ದು ಬಂದು ಏನಾಯ್ತು ಅಂತ ಕೇಳಿದ್ರೆ ಏನಂತ ಹೇಳೋದು. ಈಗ ಪ್ರಶ್ನೆ, 0.93ನ ಎಷ್ಟಕ್ಕೆ ತರ್ಬೇಕು, ಮತ್ತೆ ಇಡೀ ಫ್ಯುಯೆಲ್ ಮ್ಯಾಪ್ ಏರಿಸ್ಬೇಕಾ?

---

ಹೆಕ್ಸ್_ಹನುಮಂತನಗರ

ಒಳ್ಳೇ ಕೆಲಸ! ನೀವು ಲ್ಯಾಂಬ್ಡಾದಲ್ಲಿ ಹೇಳ್ತಿರೋದೂ ಒಳ್ಳೇದು, ಎಷ್ಟೋ ಜನ ಗೇಜ್‌ನಲ್ಲಿ 12.9 ಬಂತು 13.2 ಬಂತು ಅಂತಾರೆ, ಆ ಗೇಜ್ 14.7 ಪೆಟ್ರೋಲ್ ಅಂತ ಅಂದ್ಕೊಂಡು ತೋರ್ಸೋ ನಂಬರ್ ಅದು, ಇ20ಗೆ ಅರ್ಥ ಇಲ್ಲ.

ಇಡೀ ಮ್ಯಾಪ್ ಮುಟ್ಬೇಡಿ. ಕ್ರೂಸ್‌ನಲ್ಲಿ 1.03 ಏನೂ ತೊಂದ್ರೆ ಇಲ್ಲ, ಕ್ಯಾಟ್ ಇಲ್ಲದ ಗಾಡಿಗಳನ್ನ ಮೈಲೇಜ್‌ಗೋಸ್ಕರ ಸ್ವಲ್ಪ ಲೀನ್ ಓಡಿಸ್ತಿದ್ರು. ನಿಮಗೆ ಬೇಕಿರೋದು ಫುಲ್ ಥ್ರಾಟಲ್‌ನಲ್ಲಿ ಸುಮಾರು 0.88, ಅಂದ್ರೆ ಪೆಟ್ರೋಲ್ ಐದಾರು ಪರ್ಸೆಂಟ್ ಜಾಸ್ತಿ. ಥ್ರಾಟಲ್ ಬಾಡಿ ಮೇಲಿನ ಸ್ವಿಚ್ ಫುಲ್ ಅಂತ ಹೇಳಿದಾಗ ಮೋಟ್ರೋನಿಕ್ ಬೇರೆ ಟೇಬಲ್‌ಗೆ ಹೋಗುತ್ತೆ, ಅದು ಸಾಮಾನ್ಯವಾಗಿ ಒಂದೇ ಸಾಲು, ಆರ್‌ಪಿಎಂ ಮೇಲೆ ಮಾತ್ರ. ಫ್ಯಾಕ್ಟರ್ ಟೇಬಲ್‌ಗಳಲ್ಲಿ 128 ಅಂದ್ರೆ ಒಂದು ಪಟ್ಟು ಅಂತ ಇಡೋದು ವಾಡಿಕೆ, ಹಾಗಿದ್ರೆ ಐದಾರು ಪರ್ಸೆಂಟ್ ಅಂದ್ರೆ ಆರೋ ಏಳೋ ಕೌಂಟ್. ಆದ್ರೆ ನೀವು ಹಿಡಿದಿರೋ ಟೇಬಲ್ ಅದೇನಾ ಅಂತ ಖಾತ್ರಿ ಮಾಡ್ಕೊಳ್ಳೋಕೆ ಮೊದಲು ಮೂರು ಕೌಂಟ್ ಮಾತ್ರ ಏರಿಸಿ, 4000ದ ಪಾಯಿಂಟ್ ಒಂದಕ್ಕೇ. ವೈಡ್‌ಬ್ಯಾಂಡ್ ಲಾಗ್‌ನಲ್ಲಿ ಆ ಜಾಗ ಮಾತ್ರ ಎರಡು ಪರ್ಸೆಂಟ್ ರಿಚ್ ಆದ್ರೆ ಸಿಕ್ತು, ಬೇರೆಲ್ಲೋ ಬದಲಾದ್ರೆ ಅಥವಾ ಏನೂ ಆಗದಿದ್ರೆ ಅದಲ್ಲ. ಇಗ್ನಿಷನ್‌ಗೆ ಈಗಲೇ ಒಂದು ಡಿಗ್ರೀನೂ ಸೇರಿಸ್ಬೇಡಿ, ನಾಕ್ ಸೆನ್ಸರ್ ಇಲ್ಲದ ಗಾಡೀಲಿ ಅಲ್ಲಿ ಕೈ ಹಾಕಿ ಸಿಗೋದು ನಾಲ್ಕೈದು ಹಾರ್ಸ್‌ಪವರ್, ಹೋದ್ರೆ ಪಿಸ್ಟನ್.

---

ಟರ್ಬೊ_ತಾವರೆಕೆರೆ

ಇಷ್ಟೆಲ್ಲಾ ಮಾಡಿ ನಾಲ್ಕೈದು ಹಾರ್ಸ್‌ಪವರ್‌ರಾ 😂

---

ಬನಶಂಕರಿ_944

ನಮ್ಮೂರಿನ ಗಾಳಿಗೇ ಹದಿನೈದು ಹೋಗಿದೆ ಗುರೂ, ಇದ್ರಲ್ಲಿ ಏನ್ ಮಹಾ. ಗಾಡಿ ಎಳೆದಾಡದೆ ಹೋದ್ರೆ ಸಾಕು.

---

ಆಡುಗೋಡಿ_ರಿಟೈರ್ಡ್

ಸಂತೋಷ ಕಣಪ್ಪ. ಚಿಪ್ ಬರಿಯೋಕೆ ಮುಂಚೆ ಆ ಥ್ರಾಟಲ್ ಸ್ವಿಚ್‌ಗೆ ಮಲ್ಟಿಮೀಟರ್ ಇಡಿ. ಇಂಜಿನ್ ಆಫ್ ಮಾಡಿ, ಯಾರಿಗಾದ್ರೂ ಪೆಡಲ್ ಪೂರ್ತಿ ತುಳಿಯೋಕೆ ಹೇಳಿ, ಐಡಲ್‌ನಲ್ಲಿ ಒಂದು ಕಾಂಟ್ಯಾಕ್ಟ್ ಕೂಡ್ಬೇಕು, ಪೂರ್ತಿ ತುಳಿದಾಗ ಇನ್ನೊಂದು. ಹಳೇ ಗಾಡೀಲಿ ಕೇಬಲ್ ಸಡಿಲ ಆಗಿ, ಮ್ಯಾಟ್ ದಪ್ಪ ಆಗಿ, ಪೆಡಲ್ ನೆಲ ಮುಟ್ಟಿದ್ರೂ ಥ್ರಾಟಲ್ ಪೂರ್ತಿ ತೆರ್ಕೊಂಡಿರಲ್ಲ, ಫುಲ್ ಸ್ವಿಚ್ ಕೂಡೋದೇ ಇಲ್ಲ. ಹಾಗಿದ್ರೆ ಆ 0.93 ಬಂದಿದ್ದೇ ಮಾಮೂಲಿ ಮ್ಯಾಪಿಂದ, ಕೇಬಲ್ ಸರಿ ಮಾಡಿದ್ರೆ ತಾನಾಗೇ ಕೆಳಗೆ ಬರುತ್ತೆ.

ಇನ್ನೊಂದು ವಿಷಯ, ಐಡಲ್ ಸಿಒ (ಹೊಗೆಯ ಕಾರ್ಬನ್ ಮೊನಾಕ್ಸೈಡ್) ಅಡ್ಜಸ್ಟ್ ಮಾಡೋ ಬೈಪಾಸ್ ಸ್ಕ್ರೂ ಏರ್ ಫ್ಲೋ ಮೀಟರ್ ಮೇಲೇ ಇದೆ. ಎಮಿಷನ್ ಟೆಸ್ಟ್‌ಗೆ ಹೋದಾಗ ಅವರ ಮೆಷಿನ್ ನೋಡ್ಕೊಂಡು ಅದನ್ನ ಸರಿ ಮಾಡ್ಕೊಳ್ಳಿ, ಭಾರತ್ ಸ್ಟೇಜ್ 2ಕ್ಕಿಂತ ಹಳೇ ಪೆಟ್ರೋಲ್ ಕಾರ್‌ಗೆ ಸಿಒ 3 ಪರ್ಸೆಂಟ್, ಎಚ್‌ಸಿ (ಹೈಡ್ರೋಕಾರ್ಬನ್) 1500 ಪಿಪಿಎಂ ಒಳಗಿರ್ಬೇಕು. ಕೆಲವು ಸೆಂಟರ್‌ನ ಹುಡುಗರು ಹೊಸ ಗಾಡಿ ಅಂತ ಎಂಟ್ರಿ ಮಾಡಿ 0.5ಕ್ಕೆ ಫೇಲ್ ಅಂತಾರೆ, ಆರ್‌ಸಿ ಕೈಯಲ್ಲಿ ಹಿಡ್ಕೊಂಡು ಹೋಗಿ ತಯಾರಾದ ವರ್ಷ ತೋರ್ಸಿ. ಇಂಜಿನ್ ಪೂರ್ತಿ ಬಿಸಿ ಆಗಿರ್ಲಿ, ಮನೆ ಪಕ್ಕದ ಸೆಂಟರ್‌ಗೆ ಹೋಗೋದಾದ್ರೂ ಒಂದು ರೌಂಡ್ ರಿಂಗ್ ರೋಡ್ ಹೊಡ್ಕೊಂಡೇ ಹೋಗಿ.

---

ಬನಶಂಕರಿ_944

ಸಾರ್ ಸ್ವಿಚ್ ಚೆಕ್ ಮಾಡ್ದೆ. ಐಡಲ್ ಕಾಂಟ್ಯಾಕ್ಟ್ ಕೂಡುತ್ತೆ, ಫುಲ್ ಕೂಡ್ತಿಲ್ಲ. ಕೈಯಲ್ಲಿ ಥ್ರಾಟಲ್ ಪೂರ್ತಿ ತಿರುಗಿಸಿದ್ರೆ ಕೂಡುತ್ತೆ, ಪೆಡಲ್‌ನಿಂದ ಇಲ್ಲ. ಕೇಬಲ್ ಎಳೆದು ಸರಿ ಮಾಡಿ ವೈಡ್‌ಬ್ಯಾಂಡ್ ಲಾಗ್ ತಗೊಂಡು ಇಲ್ಲೇ ಹಾಕ್ತೀನಿ, ಅಲ್ಲೀವರೆಗೂ ಬರ್ನ್ ಮಾಡಿದ ಚಿಪ್ ಫೋಮ್‌ನಲ್ಲೇ ಇರ್ಲಿ.